ಯುದ್ಧ ಮುಗೀತು, ಕಾಯ್ದೆ ಮುಗೀಲಿಲ್ಲ

1/7
ಗೆಳೆಯರೇ, ಕಾಲೇಜಿನ ಚರ್ಚಾಸ್ಪರ್ಧೆಗೆ ಬಂದಿದ್ದೋರಿಗೆ ನೆನಪಿರಬೇಕು. ವಿಷಯ, ಯುದ್ಧದ ಹೊತ್ತಿನಲ್ಲಿ ಸರ್ಕಾರದ ಕೈ ಕಟ್ಟಬೇಕೋ ಬ್ಯಾಡೋ. ಎದುರು ತಂಡದ ಗೆಳೆಯ ಎದ್ದು ನಿಂತು ಅಂದ: "ಬಾಂಬ್ ಎಲ್ಲಿ ಇಟ್ಟಾರ ಅಂತ ಗೊತ್ತಿರೋನು ಕೈಗೆ ಸಿಕ್ಕಾನ. ಕಾನೂನು ಪುಸ್ತಕ ಓದ್ಕೋತ ಕೂಡ್ತೀರೇನು? ನಾಲ್ಕು ಹಾಕ್ರಿ, ತಾನೇ ಬಾಯಿ ಬಿಡ್ತಾನ."

ಹಾಲ್ ತುಂಬ ಚಪ್ಪಾಳೆ, ಸೀಟಿ. ಉತ್ತರ ಕೊಡೋ ಸರದಿ ನಂದು. 'ಮಾನವ ಹಕ್ಕು', 'ಪ್ರಜಾಪ್ರಭುತ್ವ' ಅಂತ ಎರಡು ದೊಡ್ಡ ಪದ ಹೇಳಿ ಕೂತುಬಿಟ್ಟೆ. ಯಾರೂ ಚಪ್ಪಾಳೆ ಹೊಡೀಲಿಲ್ಲ. ಹೊಡೆಯೋ ಅಂಥದ್ದು ನಾನೇನೂ ಹೇಳಿರಲೂ ಇಲ್ಲ.

ಅವತ್ತು ಸಂತೆಕಲ್ಲೂರಿಗೆ ಬಸ್ಸಲ್ಲಿ ವಾಪಸ್ ಬರುವಾಗ ಸಿಟ್ಟು ಬಂದಿದ್ದು ಅವನ ಮೇಲಲ್ಲ, ನನ್ನ ಮೇಲೆ. ಅವನ ಪ್ರಶ್ನೆ ತಮಾಷೆಯದಲ್ಲ. ಅದಕ್ಕೆ ದೊಡ್ಡ ಪದಗಳಲ್ಲಿ ಉತ್ತರ ಸಿಗೋದಿಲ್ಲ, ನಡೆದ ಸಂಗತಿಗಳಲ್ಲಿ ಸಿಗುತ್ತೆ. ಅದನ್ನ ಹುಡುಕಿ ಬರೆದಿದ್ದೇ ಈ 7 ಕ್ಯಾಪ್ಷನ್. ಪುರಸೊತ್ತು ಮಾಡ್ಕೊಂಡು ಓದ್ರಿ.

2/7
ಈ ಫೋಟೋ ಗುರುತು ಸಿಕ್ತಾ? ನಮ್ಮ ಮಸ್ಕಿ ಬಂಡೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ಮಾತ್ರ ಇತ್ತು. ಅದರ ಜೊತೆ 'ಅಶೋಕ' ಅನ್ನೋ ಹೆಸರು ಮೊದಲು ಕಂಡಿದ್ದು ಇಲ್ಲೇ. ಇದು ನಮಗೆಲ್ಲ ಬಾಯಿಪಾಠ.

ಆದ್ರ ಇನ್ನೊಂದು ಕಲ್ಲಿನ ಕಥೆ ಎಷ್ಟು ಜನಕ್ಕೆ ಗೊತ್ತು? ಕಲಬುರಗಿ ಜಿಲ್ಲೆಯ ಸನ್ನತಿ, ಭೀಮಾ ನದಿ ದಂಡೆ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ದೇವಿಯ ಮೂರ್ತಿಗೆ ಪೀಠವಾಗಿ ಇಟ್ಟಿದ್ದ ಕಲ್ಲಿನಲ್ಲಿ 1980ರ ದಶಕದಲ್ಲಿ ಅಶೋಕನ ಶಾಸನ ಸಿಕ್ಕಿತು. ಕಳಿಂಗದ ಧೌಲಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳ ಭಾಗಗಳು ಇದರಲ್ಲೂ ಇವೆ. ಕಳಿಂಗ ಅಂದ್ರ ಅಶೋಕ ಯುದ್ಧ ಮಾಡಿ ಗೆದ್ದ ನಾಡು. ಅಲ್ಲಿನ ಅಧಿಕಾರಿಗಳಿಗೆ ಅವನು ಕೊಟ್ಟ ಆದೇಶದ ಸಾರ ಹಿಂಗದ: ಆಡಳಿತದಲ್ಲಿ ಯಾರೋ ಒಬ್ಬ ಕಾರಣವಿಲ್ಲದೆ ಸೆರೆ ಸೇರೋದು, ಹಿಂಸೆ ಅನುಭವಿಸೋದು ನಡೆಯುತ್ತೆ, ಅದು ಆಗಬಾರದು. ಯಾಕೆ ಆಗುತ್ತೆ ಅಂತಲೂ ಪಟ್ಟಿ ಮಾಡ್ಯಾನ. ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಸೋಮಾರಿತನ, ದಣಿವು. ಅಷ್ಟಕ್ಕೇ ಬಿಡಲಿಲ್ಲ. 5 ವರ್ಷಕ್ಕೊಮ್ಮೆ ಮೃದು ಸ್ವಭಾವದ ಅಧಿಕಾರಿಯನ್ನು ತನಿಖೆಗೆ ಕಳಿಸ್ತೀನಿ ಅಂದ.

ಅಶೋಕನನ್ನ ದೇವರು ಮಾಡಬ್ಯಾಡ್ರಿ. ಅವನು ಮರಣದಂಡನೆ ತೆಗೆದುಹಾಕಲಿಲ್ಲ, ಕಾಡಿನ ಜನರಿಗೆ ತನ್ನ ಬಲ ನೆನಪಿಸಿ ಎಚ್ಚರಿಕೆಯನ್ನೂ ಕೊಟ್ಟ. ಆದ್ರೂ ಒಂದು ವಿಷಯ ಅವನಿಗೆ ಅರ್ಥ ಆಗಿತ್ತು. ಸೆರೆಯಲ್ಲಿರೋ ಮನುಷ್ಯನ ಮೇಲೆ ಕೈ ಮಾಡೋ ಅಧಿಕಾರಿ ರಾಕ್ಷಸನೇ ಆಗಿರಬೇಕಿಲ್ಲ. ದಣಿದಿದ್ರೂ ಸಾಕು, ಅವಸರದಲ್ಲಿದ್ರೂ ಸಾಕು. ಅದಕ್ಕೇ ಅವನ ಮೇಲೆ ಇನ್ನೊಬ್ಬರ ಕಣ್ಣು ಇರಬೇಕು.

3/7
ಮಸ್ಕಿ ಶಾಸನ ಸಿಕ್ಕ ಅದೇ 1915ರಲ್ಲಿ ಬ್ರಿಟಿಷರು ಭಾರತ ರಕ್ಷಣಾ ಕಾಯ್ದೆ ತಂದರು. ಕಾರಣ ಮೊದಲ ಮಹಾಯುದ್ಧ. ಯುದ್ಧ ಇರೋ ತನಕ ಮಾತ್ರ ಅಂದರು. 1918ರ ನವೆಂಬರ್‌ನಲ್ಲಿ ಯುದ್ಧ ನಿಂತಿತು. ಆ ಅಧಿಕಾರಗಳ ರುಚಿ ನಿಲ್ಲಲಿಲ್ಲ. ವಿಚಾರಣೆ ಇಲ್ಲದೆ ಬಂಧಿಸೋ ಅಧಿಕಾರ ಕೈಯಲ್ಲೇ ಉಳೀಲಿ ಅಂತ 1919ರ ಮಾರ್ಚ್‌ನಲ್ಲಿ ರೌಲಟ್ ಕಾಯ್ದೆ ಬಂತು. ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್.

'ಅವರು ಬ್ರಿಟಿಷರು, ಬಿಡು' ಅಂತೀರಾ? ಹಂಗಾದ್ರ ನಮ್ಮದೇ ಲೆಕ್ಕ ನೋಡ್ರಿ.

1962ರ ಚೀನಾ ಯುದ್ಧ: ಅಕ್ಟೋಬರ್ 26ಕ್ಕೆ ತುರ್ತು ಪರಿಸ್ಥಿತಿ ಘೋಷಣೆ. ಒಂದು ತಿಂಗಳೊಳಗೆ ಕದನ ನಿಂತಿತು. ತುರ್ತು ಪರಿಸ್ಥಿತಿ ಮಾತ್ರ 1965ರ ಪಾಕಿಸ್ತಾನ ಯುದ್ಧವನ್ನೂ ದಾಟಿ 1968ರ ಜನವರಿವರೆಗೆ ಮುಂದುವರೀತು. ಅಸ್ಸಾಂ, ಬಂಗಾಳದಲ್ಲಿದ್ದ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಇಟ್ಟರು. ಮಕ್ಕಳು, ಮುದುಕರು ಎಲ್ಲರೂ ಇದ್ದರು. ಮುಖ ನೋಡಿಯೇ ಶತ್ರು ಅಂತ ತೀರ್ಮಾನ.

1971ರ ಬಾಂಗ್ಲಾ ಯುದ್ಧ: ಡಿಸೆಂಬರ್ 3ಕ್ಕೆ ಘೋಷಣೆ. ಯುದ್ಧ ಗೆದ್ದಿದ್ದು 13 ದಿನದಲ್ಲಿ. ಆ ಘೋಷಣೆ ರದ್ದಾಗಿದ್ದು 1977ರ ಮಾರ್ಚ್‌ನಲ್ಲಿ!

ಅಂದ್ರ 1975ರ ಜೂನ್ 25ರ ರಾತ್ರಿ 'ಆಂತರಿಕ ಗಲಭೆ' ಕಾರಣ ಕೊಟ್ಟು ಇಂದಿರಾ ಗಾಂಧಿ ಸರ್ಕಾರ ತಂದ ತುರ್ತು ಪರಿಸ್ಥಿತಿ ಎರಡನೇದು. ಅದರ ಅಡಿಯಲ್ಲಿ ಯುದ್ಧದ್ದು ಆಗಲೇ ಹಾಸಿಕೊಂಡು ಮಲಗಿತ್ತು. ಯುದ್ಧದ ವರ್ಷದಲ್ಲೇ ಹುಟ್ಟಿದ ಮೀಸಾ ಕಾಯ್ದೆಯೂ ಕೈಗೆ ಸಿದ್ಧವಾಗಿತ್ತು. ಹೊಸದಾಗಿ ಕತ್ತಿ ಮಾಡಿಸೋ ಕೆಲಸ ಇರಲಿಲ್ಲ, ಒರೆಯಿಂದ ತೆಗೆದರೆ ಸಾಕಿತ್ತು.

4/7
ಆಗ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮ್‌ನಂದನ್ ಮಿಶ್ರಾ ಜೂನ್ 26ರಂದು ಅಲ್ಲೇ ಬಂಧನವಾದರು. ಜೂನ್ 27ಕ್ಕೆ ರಾಷ್ಟ್ರಪತಿ ಆದೇಶ: 14, 21, 22ನೇ ವಿಧಿಗಳ ಹಕ್ಕಿಗಾಗಿ ಕೋರ್ಟಿಗೆ ಹೋಗುವಂತಿಲ್ಲ. ಜೂನ್ 29ಕ್ಕೆ ಮೀಸಾ ತಿದ್ದುಪಡಿ: ಯಾಕೆ ಹಿಡಿದ್ವಿ ಅಂತ ಹೇಳಬೇಕಾಗಿಲ್ಲ. ಶಾ ಆಯೋಗದ ಲೆಕ್ಕದಂತೆ ದೇಶದಲ್ಲಿ ಮೀಸಾ ಅಡಿ 34,988 ಜನ, ರಕ್ಷಣಾ ನಿಯಮಗಳ ಅಡಿ 75,818 ಜನ ಬಂಧನವಾದರು.

ಕೋರ್ಟು ಏನ್ಮಾಡ್ತು? ನಮ್ಮ ಕರ್ನಾಟಕ ಹೈಕೋರ್ಟ್ ಸೇರಿ 9 ಹೈಕೋರ್ಟ್‌ಗಳು, ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿ ಕೇಳುವ ಅಧಿಕಾರ ನಮಗಿದೆ ಅಂದವು. ಹೇಬಿಯಸ್ ಕಾರ್ಪಸ್ ಅಂದ್ರ, 'ಹಿಡಿದ ಮನುಷ್ಯನನ್ನ ಮುಂದೆ ತಂದು ನಿಲ್ಲಿಸಿ, ಯಾಕೆ ಹಿಡಿದ್ರಿ ಹೇಳಿ' ಅಂತ ಕೇಳೋದು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್‌ಗೆ ನೇರ ಪ್ರಶ್ನೆ ಹಾಕಿದರು. ಒಬ್ಬ ಪೊಲೀಸ್ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ ಆಗಲೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ? ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ ಅನ್ನೋದೇ ಉತ್ತರ.

1976ರ ಏಪ್ರಿಲ್ 28ಕ್ಕೆ ತೀರ್ಪು ಬಂತು. ನಾಲ್ವರು ಸರ್ಕಾರದ ಕಡೆ, ಖನ್ನಾ ಒಬ್ಬರೇ ಎದುರು. ಮುಂದೆ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರಿಗೆ ತಪ್ಪಿತು, ರಾಜೀನಾಮೆ ಕೊಟ್ಟು ಹೋದರು. ಏಪ್ರಿಲ್ 28. ಈ ತಾರೀಖು ನೆನಪಿಟ್ಕೊಂಡು ಮುಂದಿನ ಕ್ಯಾಪ್ಷನ್ ಓದ್ರಿ.

5/7
ತೀರ್ಪು ಬಂದ ಮೂರನೇ ದಿನ, ಮೇ 1. ಬೆಂಗಳೂರಿನ ಮನೆಯಿಂದ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಕರೆದೊಯ್ದರು. ಅವರಿಂದ ಬೇಕಾಗಿದ್ದು ಒಂದೇ ಉತ್ತರ. ಭೂಗತನಾಗಿರೋ ನಿನ್ನ ಅಣ್ಣ ಜಾರ್ಜ್ ಎಲ್ಲಿ? ಜಾರ್ಜ್ ಮೇಲಿದ್ದ ಆರೋಪ ಸಣ್ಣದಲ್ಲ, ಡೈನಮೈಟ್ ಸ್ಫೋಟದ ಸಂಚು. ನಮ್ಮ ಚರ್ಚಾಸ್ಪರ್ಧೆಯ ಗೆಳೆಯ ಹೇಳಿದ್ದು ಹೆಚ್ಚುಕಡಿಮೆ ಇದೇ ಸಂದರ್ಭ ಅಲ್ವಾ?

ಲಾರೆನ್ಸ್ ಅವರನ್ನು ಹೊಡೆದರು. ನಡೆಯೋಕಾಗದ ಸ್ಥಿತಿಗೆ ಬರುವಷ್ಟು ಹೊಡೆದರು. ಮಗ ಎಲ್ಲಿದ್ದಾನೆ ಅಂತ ಮನೆಯವರಿಗೆ ದಿನಗಟ್ಟಲೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ತಾಯಿಗೆ ಉಳಿದಿದ್ದು ಅಂಚೆಡಬ್ಬಿ. ಜಾರ್ಜ್ ಸಿಕ್ಕಿದ್ದು ಜೂನ್ 10ಕ್ಕೆ, ದೂರದ ಕಲ್ಕತ್ತದಲ್ಲಿ.

ಮೇ 2ಕ್ಕೆ ಸ್ನೇಹಲತಾ ರೆಡ್ಡಿ ಬಂಧನ. 'ಸಂಸ್ಕಾರ' ಸಿನಿಮಾದ ಚಂದ್ರಿ ಅಂದ್ರ ಗೊತ್ತಾಗುತ್ತೆ. ಅವರಿಗೆ ಉಬ್ಬಸ ಇತ್ತು. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳಿಗೂ ಹೆಚ್ಚು ಇಟ್ಟರು. ಡೈನಮೈಟ್ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ, ಆದರೂ ಮೀಸಾ ಅಡಿ ಒಳಗೇ ಉಳಿದರು. ಉಸಿರಾಡೋಕೆ ಒದ್ದಾಡ್ತಾ ಇದ್ದರೂ, ಜೈಲಿನ ಬಡ ಹೆಣ್ಣುಮಕ್ಕಳನ್ನು ಹೊಡೆಯೋದರ ವಿರುದ್ಧ ಅಲ್ಲೇ ದನಿ ಎತ್ತಿದರು. 1977ರ ಜನವರಿ 15ಕ್ಕೆ ಪೆರೋಲ್ ಸಿಕ್ಕಿತು. 18ಕ್ಕೆ ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ಕ್ಕೆ ಸ್ನೇಹಲತಾ ತೀರಿಕೊಂಡರು.

ಬೆಂಗಳೂರಿಗೆ ಹೋದಾಗ ಫ್ರೀಡಂ ಪಾರ್ಕ್‌ನಲ್ಲಿ ಸೆಲ್ಫಿ ತಗೊಂಡೀರಿ ಅಲ್ವಾ? ಆ ಜೈಲು ಅದೇ.

6/7
ಆಮೇಲೆ ಏನಾಯ್ತು? ಒಳ್ಳೇದೂ ಆಯ್ತು. 1978ರ 44ನೇ ತಿದ್ದುಪಡಿ ಹೇಳಿತು: ಯಾವ ತುರ್ತು ಪರಿಸ್ಥಿತಿ ಬಂದರೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿ ಇಡುವಂತಿಲ್ಲ. ಅಂದ್ರ ಯುದ್ಧ ನಡೀತಿದ್ದರೂ ನಿಮ್ಮ ಜೀವ, ಸ್ವಾತಂತ್ರ್ಯ ಕಾನೂನಿನ ಹೊರಗೆ ಹೋಗಲ್ಲ. ನಿಮ್ಮ ವಿರುದ್ಧ ನಿಮ್ಮಿಂದಲೇ ಬಲವಂತದ ಸಾಕ್ಷ್ಯ ಪಡೆಯೋ ಹಂಗಿಲ್ಲ. ಇದು ಸಣ್ಣ ಗೆಲುವಲ್ಲ. 2017ರ ಆಗಸ್ಟ್ 24ಕ್ಕೆ 9 ನ್ಯಾಯಮೂರ್ತಿಗಳ ಪೀಠ 1976ರ ಆ ತೀರ್ಪನ್ನೇ ತಳ್ಳಿಹಾಕಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1976ರಲ್ಲಿ ಸರ್ಕಾರದ ಕಡೆ ನಿಂತ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. ಅದು ತಪ್ಪು ಅಂತ 2017ರಲ್ಲಿ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್.

ಆದ್ರ ಕಥೆ ಅಲ್ಲಿಗೇ ಸುಖಾಂತ್ಯ ಅಲ್ಲ. ಮೀಸಾ ಹೋಯಿತು, 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತು, ಇವತ್ತಿಗೂ ಇದೆ. 1987ರ ಟಾಡಾ ಕಾಯ್ದೆ, ಪೊಲೀಸ್ ಅಧಿಕಾರಿ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯ ಅಂತ ಒಪ್ಪಿತು. ನಮ್ಮ ಸಾಮಾನ್ಯ ಕಾನೂನು ಅದನ್ನ ಒಪ್ಪೋದಿಲ್ಲ, ಯಾಕಂದ್ರ ಅಂಥ ತಪ್ಪೊಪ್ಪಿಗೆ ಹೆಂಗೆ ಬರುತ್ತೆ ಅಂತ ಕಾನೂನಿಗೂ ಗೊತ್ತು. ಯಾವ ಕಾಯ್ದೆಯೂ 'ಹೊಡೀರಿ' ಅಂತ ಬರೆಯಲ್ಲ. ಹೊಡೆದರೆ ಲಾಭ ಆಗೋ ಹಂಗೆ ಬಾಗಿಲು ತೆರೆದಿಡುತ್ತೆ, ಅಷ್ಟೇ. ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಯ ಬಡವರು ಟಾಡಾ ಅಡಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕೊಳೆತರು. ಚಿತ್ರಹಿಂಸೆಯ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಕೇಳಿತು. 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಒಟ್ಟು 2.8 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು.

ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದ ಸ್ಪಷ್ಟವಾಗಿ ಹೇಳುತ್ತೆ: ಯುದ್ಧ, ಯುದ್ಧದ ಭೀತಿ, ಒಳಗಿನ ಅಸ್ಥಿರತೆ, ಯಾವುದೂ ಚಿತ್ರಹಿಂಸೆಗೆ ಸಮರ್ಥನೆ ಆಗಲ್ಲ. 1997ರಲ್ಲಿ ಭಾರತ ಸಹಿ ಹಾಕಿತು, ಅನುಮೋದನೆ ಮಾಡಿಲ್ಲ. ಚಿತ್ರಹಿಂಸೆ ತಡೆ ಮಸೂದೆ 2010ರಲ್ಲಿ ಲೋಕಸಭೆ ದಾಟಿತು, ರಾಜ್ಯಸಭೆಯಲ್ಲಿ ಉಳಿದು ಬಿದ್ದುಹೋಯಿತು.

7/7
ಈಗ ನನ್ನ ಗೆಳೆಯನಿಗೆ ಉತ್ತರ. ತಡವಾಯ್ತು, ಆದ್ರೂ ಕೇಳು.

ನಿನ್ನ ಮಾತಿನಲ್ಲಿ ಒಂದು ಪದ ಅದ, 'ಗೊತ್ತಿರೋನು'. ಅವನಿಗೆ ಗೊತ್ತದ ಅಂತ ನಮಗ ಹೆಂಗ ಗೊತ್ತು? ಹೊಡೆಯೋನೇ ಅದನ್ನ ತೀರ್ಮಾನ ಮಾಡ್ತಾನ. ಕೇಳೋರು ಯಾರೂ ಇಲ್ಲದ ಕಡೆ, ದಣಿವಲ್ಲಿ, ಸಿಟ್ಟಲ್ಲಿ, ಅವಸರದಲ್ಲಿ. ಬಾಂಬ್ ಇಟ್ಟೋನಿಗೆ ಅಂತ ತೆರೆದ ಬಾಗಿಲೊಳಗೆ ಮೊದಲು ಹೋಗಿದ್ದು ಒಬ್ಬ ತಮ್ಮ, ಒಬ್ಬ ಉಬ್ಬಸದ ನಟಿ, ಬೆಟ್ಟದ ಬಡವರು. ಯುದ್ಧ 13 ದಿನಕ್ಕೆ ಮುಗೀಬಹುದು. ಯುದ್ಧದ ಹೆಸರಲ್ಲಿ ಕೊಟ್ಟ ಅಧಿಕಾರ ಸೈನಿಕರ ಜೊತೆ ಊರಿಗೆ ವಾಪಸ್ ಬಂದು ನಮ್ಮ ಠಾಣೆಯಲ್ಲೇ ಕೂಡುತ್ತೆ. ಸರ್ಕಾರದ ಕೈಗೆ ಯುದ್ಧಕಾಲದಲ್ಲಿ ಬಲ ಬೇಕು, ಒಪ್ತೀನಿ. ಆದರೆ ತಾರೀಖು ಇಲ್ಲದ, ನೋಡೋರಿಲ್ಲದ ಬಲ ಬ್ಯಾಡ.

ಎಲ್ಲರೂ ಇದನ್ನ ಸೇವ್ ಮಾಡ್ಕೊಳ್ರಿ. 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧಿಸೋ ಪೊಲೀಸರಿಗೆ ಹೆಸರಿನ ಪಟ್ಟಿ ಇರಬೇಕು. ಬಂಧನದ ಮೆಮೊ ಬರೆದು ಸಾಕ್ಷಿ ಸಹಿ ಹಾಕಿಸಬೇಕು. ಮನೆಯವರಿಗೆ ತಿಳಿಸಬೇಕು. 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು. ಸಂವಿಧಾನದ 22ನೇ ವಿಧಿ ಪ್ರಕಾರ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು. ಮುನ್ನೆಚ್ಚರಿಕೆ ಬಂಧನದ ಕಾಯ್ದೆಗಳಿಗೆ ಮಾತ್ರ ಈ 24 ಗಂಟೆಯ ನಿಯಮ ಇಲ್ಲ. ಅದಕ್ಕೇ ಅಂಥ ಕಾಯ್ದೆಗಳ ಮೇಲೆ ಹೆಚ್ಚು ಕಣ್ಣು ಬೇಕು ಅನ್ನೋದು.

ನಿಮ್ಮ ಮನೆಯಲ್ಲಿ 1975-77 ನೋಡಿದ ಅಜ್ಜ, ಅಜ್ಜಿ ಇದ್ರ ಇವತ್ತೇ ಕೇಳ್ರಿ, ಆಗ ನಮ್ಮೂರಲ್ಲಿ ಜನ ಏನು ಮಾತಾಡ್ತಿದ್ರು, ಏನು ಮಾತಾಡೋಕೆ ಹೆದರ್ತಿದ್ರು ಅಂತ. ಕಾಮೆಂಟಲ್ಲಿ ಬರೀರಿ. ಗೆಳೆಯಾ, ನೀನೂ ಬರಿ. ಮುಂದಿನ ಚರ್ಚೆಗೆ ನಾನು ತಯಾರಿದ್ದೀನಿ.

#ನಮ್ಮಇತಿಹಾಸ #ಮಸ್ಕಿ #ಸನ್ನತಿ #ಸಂತೆಕಲ್ಲೂರು #ತುರ್ತುಪರಿಸ್ಥಿತಿ