ತುರ್ತುಪರಿಸ್ಥಿತಿಯ ಬೆಂಗಳೂರು ಸೆರೆಮನೆಯೂ ಪರರಾಷ್ಟ್ರಗಳ ಒತ್ತಾಯವೂ

ಸರ್ಕಾರವೊಂದು ತನ್ನ ಪ್ರಜೆಗಳನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟಾಗ ಅನ್ಯದೇಶೀಯರು ಅದನ್ನು ಪ್ರಶ್ನಿಸಬಹುದೇ, ಪ್ರಶ್ನಿಸಿದರೆ ಫಲವುಂಟೇ ಎಂಬುದು ರಾಜನೀತಿಜ್ಞರಲ್ಲಿ ಬಹುಕಾಲದಿಂದ ಚರ್ಚೆಗೆ ಬಂದಿರುವ ವಿಷಯ. ಇದರ ನಿದರ್ಶನಕ್ಕಾಗಿ ಕನ್ನಡಿಗರು ದೂರ ಹೋಗಬೇಕಾದುದಿಲ್ಲ. 1976ನೆಯ ಇಸವಿಯಲ್ಲಿ ಒಂದೇ ಶೋಧನೆಯ ಬಲೆಗೆ ಸಿಕ್ಕಿದ ಮೂವರ ವೃತ್ತಾಂತವನ್ನು ಪರಸ್ಪರ ಹೋಲಿಸಿ ನೋಡಿದರೆ ಅಂತಹ ಒತ್ತಾಯದ ಶಕ್ತಿಯೂ ಅದರ ಮಿತಿಯೂ ಸ್ಪಷ್ಟವಾಗಿ ಗೋಚರಿಸುತ್ತವೆ.

1975ನೆಯ ಇಸವಿ ಜೂನ್ 25ರ ರಾತ್ರಿ ಭಾರತದಲ್ಲಿ ಆಂತರಿಕ ತುರ್ತುಪರಿಸ್ಥಿತಿಯು ಘೋಷಿತವಾಯಿತು. ಮರುದಿನವೇ, ಸಂಸತ್ತಿನ ಸಮಿತಿಯೊಂದರ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ ಮೊದಲಾದವರನ್ನು ದಸ್ತಗಿರಿಮಾಡಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಬಂಧನಕ್ಕೆ ಆಧಾರವಾದುದು 1971ರ ಆಂತರಿಕ ಭದ್ರತಾ ಶಾಸನ, ಎಂದರೆ ಜನರ ಬಾಯಲ್ಲಿ ‘ಮೀಸಾ’ ಎಂದು ಪ್ರಸಿದ್ಧವಾದ ಕಾಯಿದೆ. ಇದರ ಮೇರೆಗೆ ದೇಶದಲ್ಲಿ 34,988 ಮಂದಿಯೂ, ರಕ್ಷಣಾ ನಿಯಮಗಳ ಮೇರೆಗೆ 75,818 ಮಂದಿಯೂ ಬಂಧಿತರಾದರೆಂದು ಅನಂತರ ನೇಮಕವಾದ ಷಾ ಆಯೋಗದ ವರದಿಯಿಂದ ತಿಳಿದುಬರುತ್ತದೆ.

ಬಂಧಿತರು ಮೊದಲು ತಟ್ಟಿದ್ದು ನ್ಯಾಯಸ್ಥಾನದ ಬಾಗಿಲನ್ನು. ಕರ್ನಾಟಕ ಉಚ್ಚ ನ್ಯಾಯಾಲಯವು ಅವರ ಅರ್ಜಿಗಳು ವಿಚಾರಣೆಗೆ ಅರ್ಹವೆಂದು ಅಭಿಪ್ರಾಯಪಟ್ಟಿತು. ಅಂತಹ ಅರ್ಜಿಗಳನ್ನು ವಿಚಾರಿಸಿದ ನ್ಯಾಯಾಧೀಶರಾದ ಡಿ. ಎಂ. ಚಂದ್ರಶೇಖರ್ ಅವರಿಗೂ ಎಂ. ಸದಾನಂದಸ್ವಾಮಿಯವರಿಗೂ ಹೊರಪ್ರಾಂತಗಳಿಗೆ ವರ್ಗವಾಯಿತು. 1976ನೆಯ ಇಸವಿ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು, ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ಬಿಡುಗಡೆ ಬೇಡುವ ಹಕ್ಕೇ ಇಲ್ಲವೆಂದು ನಾಲ್ವರ ಬಹುಮತದಿಂದ ತೀರ್ಮಾನಿಸಿತು. ಹಂಸರಾಜ್ ಖನ್ನಾ ಅವರೊಬ್ಬರೇ ಭಿನ್ನಮತವನ್ನು ಬರೆದರು. ಪೊಲೀಸಿನವನೊಬ್ಬನು ಅಕ್ರಮವಾಗಿ ಪ್ರಾಣವನ್ನೇ ತೆಗೆದರೂ ಪರಿಹಾರವಿಲ್ಲವೇ ಎಂದು ವಾದದ ಕಾಲದಲ್ಲಿ ಖನ್ನಾ ಅವರು ಕೇಳಿದ ಪ್ರಶ್ನೆಗೆ, ಇಲ್ಲವೆಂದೇ ಸರ್ಕಾರದ ಪ್ರಧಾನ ವಕೀಲರಾದ ನೀರೇನ್ ಡೇ ಅವರು ಒಪ್ಪಿಕೊಂಡಿದ್ದರು. ಮುಂದಿನ ಸಂಗತಿಗಳನ್ನು ಈ ತೀರ್ಪಿನ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು.

ತೀರ್ಪಾದ ಮೂರನೆಯ ದಿನ, ಮೇ 1ರಂದು, ಬೆಂಗಳೂರಿನಲ್ಲಿ ಲಾರೆನ್ಸ್ ಫರ್ನಾಂಡಿಸರನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ಅವರ ಅಣ್ಣನಾದ, ಮಂಗಳೂರಿನಲ್ಲಿ ಜನಿಸಿದ ಜಾರ್ಜ್ ಫರ್ನಾಂಡಿಸರು 1974ರ ರೈಲ್ವೆ ಮುಷ್ಕರದ ನಾಯಕರು. ತುರ್ತುಪರಿಸ್ಥಿತಿಯ ಆರಂಭದಿಂದಲೂ ತಲೆಮರೆಸಿಕೊಂಡಿದ್ದರು. ಅಣ್ಣನು ಎಲ್ಲಿರುವನೆಂದು ಹೇಳಿಸುವುದಕ್ಕಾಗಿ ತಮ್ಮನಿಗೆ ಕೊಟ್ಟ ಚಿತ್ರಹಿಂಸೆ ಅತಿಘೋರವಾದುದು. ಮಗನು ಯಾವ ಠಾಣೆಯಲ್ಲಿರುವನೆಂಬುದೇ ತಾಯಿಯಾದ ಆಲಿಸ್ ಫರ್ನಾಂಡಿಸರಿಗೆ ಹಲವು ದಿನಗಳವರೆಗೆ ತಿಳಿಯಲಿಲ್ಲ.

ಅದೇ ಮೇ ತಿಂಗಳಿನಲ್ಲಿ ‘ಸಂಸ್ಕಾರ’ ಚಲಚ್ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದ್ದ ಸ್ನೇಹಲತಾ ರೆಡ್ಡಿಯವರೂ ಬಂಧಿತರಾದರು. ಬರೋಡಾ ಡೈನಮೈಟ್ ಸಂಚಿನಲ್ಲಿ ಪಾಲುಂಟೆಂಬ ಶಂಕೆ ಅವರ ಮೇಲಿತ್ತು. ಕಡೆಯ ಆರೋಪಪಟ್ಟಿಯಲ್ಲಿ ಅವರ ಹೆಸರು ಸೇರಲಿಲ್ಲ. ಆದಾಗ್ಯೂ ಬಿಡುಗಡೆಯಾಗದೆ ಮೀಸಾ ಕೈದಿಯಾಗಿ ಉಳಿದರು. ಉಬ್ಬಸರೋಗದಿಂದ ನರಳುತ್ತಿದ್ದ ಅವರು ಸೆರೆಮನೆಯಲ್ಲಿ ದಿನಚರಿಯನ್ನು ಬರೆದಿಟ್ಟರು. ಇತರ ಹೆಂಗಸರಾದ ಕೈದಿಗಳನ್ನು ನಡೆಸಿಕೊಳ್ಳುವ ಕ್ರಮವನ್ನು ಒಳಗಿನಿಂದಲೇ ಪ್ರತಿಭಟಿಸಿದರು. ರೋಗವು ಉಲ್ಬಣಿಸಿದ ಮೇಲೆ 1977ನೆಯ ಇಸವಿ ಜನವರಿ 15ರಂದು ತಾತ್ಕಾಲಿಕವಾಗಿ ಹೊರಬಿಟ್ಟರು. ಐದು ದಿನಗಳಲ್ಲಿ, ಜನವರಿ 20ರಂದು, ಅವರು ತೀರಿಕೊಂಡರು.

ಜಾರ್ಜ್ ಫರ್ನಾಂಡಿಸರು 1976ನೆಯ ಇಸವಿ ಜೂನ್ 10ರಂದು ಕಲ್ಕತ್ತೆಯಲ್ಲಿ ಸೆರೆಸಿಕ್ಕಿದರು. ತಮ್ಮನಿಗಾದ ಗತಿಯನ್ನು ಬಲ್ಲವರಿಗೆ ಇವರ ಪ್ರಾಣದ ವಿಷಯದಲ್ಲಿ ಭಯವುಂಟಾದುದು ಸಹಜ. ಆದರೆ ಇವರ ಸ್ಥಿತಿಯಲ್ಲಿ ಒಂದು ವ್ಯತ್ಯಾಸವಿತ್ತು. ಸಮಾಜವಾದಿ ಪಕ್ಷದ ಅಧ್ಯಕ್ಷರೂ ರೈಲ್ವೆ ಕಾರ್ಮಿಕರ ಮುಖಂಡರೂ ಆಗಿದ್ದುದರಿಂದ ಐರೋಪ್ಯ ಸಮಾಜವಾದಿಗಳಲ್ಲಿ ಇವರ ಹೆಸರು ಪರಿಚಿತವಾಗಿತ್ತು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಸದಸ್ಯರು ಭಾರತ ಸರ್ಕಾರಕ್ಕೆ ತಂತಿಗಳನ್ನು ಕಳುಹಿಸಿದರು. ಪಶ್ಚಿಮ ಜರ್ಮನಿಯ ವಿಲ್ಲಿ ಬ್ರಾಂಟ್, ಆಸ್ಟ್ರಿಯದ ಬ್ರೂನೋ ಕ್ರೈಸ್ಕಿ ಮುಂತಾದ ಮುಖಂಡರೂ ಪ್ರಧಾನಿ ಇಂದಿರಾ ಗಾಂಧಿಯವರನ್ನು ಎಚ್ಚರಿಸಿದರೆಂದು ಪ್ರತೀತಿಯುಂಟು.

ಆಮ್ನೆಸ್ಟಿಯವರು ಕೇಳಿದ್ದೇನೆಂಬುದನ್ನು ಗಮನಿಸಬೇಕು. ಆರೋಪವು ಸುಳ್ಳೆಂದು ಅವರು ವಾದಿಸಲಿಲ್ಲ. ಬಂಧಿತನಿಗೆ ಕೂಡಲೇ ವಕೀಲನ ಭೇಟಿಯಾಗಲಿ, ಅವನ ದೇಹಕ್ಕೆ ಅಪಾಯವಾಗದಿರಲಿ ಎಂಬಿಷ್ಟೇ ಅವರ ಬೇಡಿಕೆ. ಡೈನಮೈಟಿನ ಆರೋಪವನ್ನು ನಂಬಿದವನೂ ಇದನ್ನು ಅಲ್ಲಗಳೆಯಲಾರನು. ದೇಶದ ಒಳಗಿನ ವ್ಯವಹಾರವೆಂದು ಹೇಳುತ್ತಿದ್ದ ಸರ್ಕಾರಕ್ಕೂ ಬಹಿರಂಗವಾಗಿ ನಿರಾಕರಿಸುವುದು ಸುಲಭವಲ್ಲ. ಆ ತಂತಿಗಳಿಂದಲೇ ಜಾರ್ಜರ ಜೀವ ಉಳಿಯಿತೆಂದು ಸಾಧಿಸುವುದು ಶಕ್ಯವಲ್ಲ. ಆದರೆ ತಮ್ಮನಂತೆ ಅವರು ಎಲ್ಲಿರುವರೆಂಬುದನ್ನು ಬಹುದಿನ ಮರೆಮಾಚಲಾಗಲಿಲ್ಲ. ಸೆಪ್ಟೆಂಬರಿನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು; ಕೈಕೋಳದಲ್ಲಿಯೇ ಆದರೂ ಅವರು ನ್ಯಾಯಾಲಯದ ಮುಂದೆ ನಿಂತರು. 1977ನೆಯ ಇಸವಿ ಮಾರ್ಚ್ ತಿಂಗಳಿನಲ್ಲಿ ಸೆರೆಮನೆಯಿಂದಲೇ ಮುಜಫರಪುರದಲ್ಲಿ ಚುನಾಯಿತರಾದರು. ಅದೇ ತಿಂಗಳು 21ರಂದು ತುರ್ತುಪರಿಸ್ಥಿತಿಯು ಕೊನೆಗೊಂಡಿತು. ತರುವಾಯ ಮೊಕದ್ದಮೆಯೂ ಹಿಂತೆಗೆಯಲ್ಪಟ್ಟಿತು.

ಈ ಮೂವರ ವೃತ್ತಾಂತದಿಂದ ಒಂದು ಮಾತು ಸಿದ್ಧವಾಗುತ್ತದೆ. ಹೊರಗಿನ ಒತ್ತಾಯವು ಹೆಸರನ್ನು ಅನುಸರಿಸಿ ಬರುತ್ತದೆ. ಕಡಲಾಚೆಗೆ ಹೆಸರು ಮುಟ್ಟಿದವನಿಗೆ ಅದು ಕಾವಲು; ಠಾಣೆಯ ಕತ್ತಲೆಯಲ್ಲಿ ಕಾಣೆಯಾದವನಿಗೆ ಅದು ತಡವಾಗಿ ಬರುವ ಸಾಂತ್ವನ. ಲಕ್ಷಕ್ಕೆ ಮಿಗಿಲಾದ ಬಂಧಿತರಲ್ಲಿ ವಿಯೆನ್ನಾದವರೆಗೆ ಕೇಳುವ ಹೆಸರುಗಳು ಎಷ್ಟಿದ್ದಾವು? ಹೆಸರಿಲ್ಲದವನನ್ನೂ ಕಾಯಬಲ್ಲುದು ದೇಶದ ಕಾನೂನೊಂದೇ.

ಈ ಪಾಠವನ್ನು ಭಾರತವು ಕಲಿಯದೆ ಹೋಗಲಿಲ್ಲ. 1978ರ ನಲವತ್ತನಾಲ್ಕನೆಯ ತಿದ್ದುಪಡಿಯ ಮೇರೆಗೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಜಾರಿಯನ್ನು ತುರ್ತುಪರಿಸ್ಥಿತಿಯಲ್ಲಿಯೂ ತಡೆಹಿಡಿಯಲಾಗದೆಂದು ನಿಯಮಿಸಲಾಯಿತು. 1979ನೆಯ ಇಸವಿ ಏಪ್ರಿಲ್ 10ರಂದು ಭಾರತವು ಪೌರ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿತು. ಇದರಿಂದ ಹೊರಗಿನವರ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯನ್ನು ಸರ್ಕಾರವು ತಾನಾಗಿ ಹೊತ್ತಂತಾಯಿತು. 1976ರ ತೀರ್ಪು ರದ್ದಾಗಲು ಮಾತ್ರ ನಲವತ್ತೊಂದು ವರ್ಷ ಹಿಡಿಯಿತು. 2017ನೆಯ ಇಸವಿ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿದ ಮೊಕದ್ದಮೆಯ ಅರ್ಜಿದಾರರು ಕೆ. ಎಸ್. ಪುಟ್ಟಸ್ವಾಮಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರು.