ಬಿಷಪ್ ಕಾಟನ್: ಹೆಸರಿನ ಹಿಂದಿನ ಮೇಷ್ಟ್ರು

ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ 'ಬಿಷಪ್ ಕಾಟನ್' ಎಂಬ ಶಾಲೆಯ ಫಲಕ ಓದುತ್ತಿದ್ದೆ. ಕಾಟನ್‌ಪೇಟೆಯ ಹಾಗೆ ಇದಕ್ಕೂ ಹತ್ತಿಗೂ ಏನೋ ನಂಟಿರಬೇಕು ಎಂದೇ ತಿಳಿದಿದ್ದೆ! ಮದುವೆಯಾಗಿ ದೆಹಲಿಗೆ ಬಂದ ಮೇಲೆ ಒಮ್ಮೆ ಶಿಮ್ಲಾಕ್ಕೆ ಹೋದಾಗ ಅಲ್ಲೂ ಅದೇ ಹೆಸರಿನ ಶಾಲೆ ಕಂಡಿತು. ಯಾರಪ್ಪಾ ಈ ಕಾಟನ್ ಎಂದು ಹುಡುಕತೊಡಗಿದೆ.

ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಹುಟ್ಟಿದ್ದು 1813ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ಚೆಸ್ಟರ್‌ನಲ್ಲಿ. ಸುಮಾರು ಹದಿನೈದು ದಿನಗಳಲ್ಲೇ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ ತಂದೆ ಫ್ರಾನ್ಸಿನ ನಿವೆಲ್ ಕದನದಲ್ಲಿ ಮಡಿದರು. ತಂದೆಯ ಮುಖವನ್ನೇ ಕಾಣದ ಈ ಮಗು ಮುಂದೆ ಕೇಂಬ್ರಿಜ್‌ನಲ್ಲಿ ಓದಿ, ಪ್ರಸಿದ್ಧ ಶಿಕ್ಷಣತಜ್ಞ ಥಾಮಸ್ ಆರ್ನಾಲ್ಡ್ ಮುಖ್ಯಸ್ಥರಾಗಿದ್ದ ರಗ್ಬಿ ಶಾಲೆಯಲ್ಲಿ ಮೇಷ್ಟ್ರಾಯಿತು.

1852ರಲ್ಲಿ ಕಾಟನ್ ಮಾರ್ಲ್‌ಬರೋ ಕಾಲೇಜಿನ ಮುಖ್ಯಸ್ಥರಾದರು. ಹಿಂದಿನ ವರ್ಷವಷ್ಟೇ ಅಲ್ಲಿನ ಹುಡುಗರು ದಂಗೆಯೆದ್ದಿದ್ದರು. ಶಾಲೆ ಸಾಲದಲ್ಲಿ ಮುಳುಗಿತ್ತು. ಕಾಟನ್ ಬರೀ ಬೆತ್ತವನ್ನು ನಂಬಲಿಲ್ಲ. ಉತ್ಸಾಹಿ ತರುಣ ಶಿಕ್ಷಕರನ್ನು ಕರೆತಂದರು. ಊರೂರು ಅಲೆಯುತ್ತಿದ್ದ ಹುಡುಗರನ್ನು ಕ್ರಿಕೆಟ್, ಫುಟ್‌ಬಾಲ್ ಮೈದಾನಕ್ಕೆ ಸೆಳೆದರು. ಆರೇ ವರ್ಷಗಳಲ್ಲಿ ಶಾಲೆ ಚೇತರಿಸಿಕೊಂಡಿತು.

1858ರಲ್ಲಿ ಅವರು ಕಲ್ಕತ್ತೆಯ ಬಿಷಪ್ ಆಗಿ ಭಾರತಕ್ಕೆ ಬಂದರು. ಉಳ್ಳ ಆಂಗ್ಲರು ಮಕ್ಕಳನ್ನು ಓದಲು ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಬಡ ಯುರೋಪಿಯನ್ನರ, ಮಿಶ್ರ ಸಂತಾನದವರ ಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ಅವರಿಗಾಗಿಯೇ ಕಾಟನ್ ಶಾಲೆಗಳ ಯೋಜನೆ ಹಾಕಿದರು. 1859ರಲ್ಲಿ ಶಿಮ್ಲಾ ಶಾಲೆ ಹುಟ್ಟಿತು. 1865ರಲ್ಲಿ ಪಾದ್ರಿ ಪೆಟ್ಟಿಗ್ರೂ ಇದೇ ಆಶಯದಿಂದ ಬೆಂಗಳೂರಿನಲ್ಲಿ ಶಾಲೆ ತೆರೆದರು. ಅದಕ್ಕೂ ಕಾಟನ್ನರ ಹೆಸರೇ ಬಂತು. ಇವು ನಮ್ಮ ಮಕ್ಕಳಿಗಾಗಿ ಕಟ್ಟಿದ ಶಾಲೆಗಳಲ್ಲ ಎಂಬುದನ್ನು ಮರೆಯುವಂತಿಲ್ಲ.

1866ರ ಅಕ್ಟೋಬರ್ 6. ಇಂದಿನ ಬಾಂಗ್ಲಾದೇಶದ ಕುಷ್ಟಿಯಾದಲ್ಲಿ ಸ್ಮಶಾನವೊಂದನ್ನು ಪ್ರತಿಷ್ಠಾಪಿಸಿ ಸ್ಟೀಮರ್ ಹತ್ತಲು ಬಂದ ಕಾಟನ್, ಹಲಗೆಯ ಮೇಲೆ ಕಾಲುಜಾರಿ ಗೋರಾಯಿ ನದಿಗೆ ಬಿದ್ದರು. ದೇಹ ಸಿಗಲೇ ಇಲ್ಲ. ಬೇರೆಯವರ ಸಮಾಧಿಗೆ ನೆಲವನ್ನು ಹರಸಿ ಬಂದವರಿಗೆ ತಮಗೇ ಒಂದು ಸಮಾಧಿ ಇಲ್ಲವಾಯಿತು.

ಅವರ ಬದುಕು ನಮಗೆ ಇಷ್ಟಾದರೂ ತಿಳಿದಿರುವುದು ಅವರ ಪತ್ನಿ ಸೋಫಿಯಾ ಅವರಿಂದ. ಪತಿಯ ದಿನಚರಿ, ಪತ್ರಗಳನ್ನು ಜೋಡಿಸಿ 1871ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು ಆಕೆ. ಅದರ ಮೇಲೂ ಇರುವುದು 'ಮಿಸೆಸ್ ಕಾಟನ್' ಎಂದಷ್ಟೇ!

ಇಂದು ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಆ ಹೆಸರು ಹೊತ್ತ ಹೆಣ್ಣುಮಕ್ಕಳ ಶಾಲೆಯೂ ಇದೆ. ಯಾರಿಗೋ ಕಟ್ಟಿದ ಶಾಲೆಗಳ ಗೇಟು ನಮ್ಮ ಹೆಣ್ಣುಮಕ್ಕಳಿಗೂ ತೆರೆದಿದೆ. ಮುಂದಿನ ಸಲ ತವರಿಗೆ ಹೋದಾಗ ಆ ಫಲಕವನ್ನು ಬೇರೆಯೇ ಕಣ್ಣಿನಿಂದ ನೋಡುತ್ತೇನೆ. ಮೇಷ್ಟ್ರನ್ನೂ ನೆನೆಯುತ್ತೇನೆ, ಸೋಫಿಯಾರನ್ನೂ.