ಸಸ್ಪೆನ್ಷನ್ ಬಿಡಿಭಾಗಗಳ ಬದಲಾವಣೆ (ಹಳೆಯ ಕಾರುಗಳಲ್ಲಿ)

ಚಕ್ರಗಳಿಗೂ ಕಾರಿನ ಬಾಡಿಗೂ ನಡುವೆ ಇದ್ದು ರಸ್ತೆಯ ಏರುಪೇರನ್ನು ತಾಳಿಕೊಳ್ಳುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಆರ್ಮ್, ಬುಷ್, ಬಾಲ್ ಜಾಯಿಂಟುಗಳ ವ್ಯವಸ್ಥೆಯೇ ಸಸ್ಪೆನ್ಷನ್. ಇದರಲ್ಲಿ ಸವೆದ ಭಾಗಗಳನ್ನು ತೆಗೆದು ಹೊಸದನ್ನು ಕೂರಿಸುವ ಕೆಲಸವನ್ನು ತಕ್ಕ ಸಲಕರಣೆಯಿದ್ದರೆ ಮನೆಯಲ್ಲೇ ಮಾಡಬಹುದು. ಸಸ್ಪೆನ್ಷನ್ ಸಡಿಲವಾದರೆ ಕೆಡುವುದು ಪ್ರಯಾಣದ ಸುಖ ಮಾತ್ರವಲ್ಲ. ಟೈರು ನೆಲವನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಬ್ರೇಕಿನ ದೂರವೂ ಹೆಚ್ಚುತ್ತದೆ.

ವಿಧಗಳು

ಅಂಬಾಸಿಡರ್ ಕಾರಿನ ಮುಂಭಾಗದಲ್ಲಿ ಟಾರ್ಷನ್ ಬಾರ್, ಹಿಂಭಾಗದಲ್ಲಿ ಪಟ್ಟಿ ಸ್ಪ್ರಿಂಗ್ ಇದ್ದವು. ಪ್ರೀಮಿಯರ್ ಪದ್ಮಿನಿಯ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಪಟ್ಟಿ ಸ್ಪ್ರಿಂಗ್. 1983ರಲ್ಲಿ ಬಂದ ಮಾರುತಿ 800ರ ಮುಂಭಾಗದಲ್ಲಿದ್ದುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಘಟಕದಲ್ಲಿರುತ್ತವೆ. ಜಾಗ ಕಡಿಮೆ ಸಾಕಾಗುವುದರಿಂದ ಸಣ್ಣ ಕಾರುಗಳಲ್ಲಿ ಇದೇ ರೂಢಿಯಾಯಿತು. ಮುಂದಿನ ವಿವರಣೆ ಮುಖ್ಯವಾಗಿ ಈ ಬಗೆಗೆ ಸಂಬಂಧಿಸಿದ್ದು.

ಸವೆತದ ಗುರುತುಗಳು

ಹಂಪ್ ದಾಟುವಾಗ ಮುಂದಿನಿಂದ ಟಕ್ ಟಕ್ ಸದ್ದು, ಬ್ರೇಕ್ ಒತ್ತಿದಾಗ ಒಂದು ಪಕ್ಕಕ್ಕೆ ಎಳೆತ, ಟೈರಿನ ಒಂದಂಚಿನ ಸವೆತ ಸಾಮಾನ್ಯ ಸೂಚನೆಗಳು. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಸೋರಿದ್ದರೆ ಅದರ ಸೀಲ್ ಹೋಗಿದೆ ಎಂದರ್ಥ. ಕಾರಿನ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಅದು ಒಮ್ಮೆ ಮೇಲೆದ್ದು ನಿಲ್ಲದೆ ತೂಗುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಸವೆದಿದೆ ಎಂದರ್ಥ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದರೆ ಒಳಗೆ ದೂಳು, ನೀರು ಸೇರಿ ಗ್ರೀಸ್ ಕೆಡುತ್ತದೆ. ಪೂರ್ತಿ ಸವೆದ ಜಾಯಿಂಟ್ ಕಳಚಿಕೊಂಡರೆ ಚಕ್ರ ಹತೋಟಿ ತಪ್ಪುವುದರಿಂದ ಇದನ್ನು ಮುಂದೂಡುವಂತಿಲ್ಲ. ರಬ್ಬರ್ ಬುಷ್‌ಗಳು ಓಡಿಸದೆ ನಿಲ್ಲಿಸಿದ ಕಾರಿನಲ್ಲೂ ವಯಸ್ಸಾದಂತೆ ಗಡುಸಾಗಿ ಬಿರುಕು ಬಿಡುತ್ತವೆ.

ಸುರಕ್ಷತೆ

ಜಾಕ್ ಇರುವುದು ಕಾರನ್ನು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಸಮತಟ್ಟಾದ ಗಟ್ಟಿ ನೆಲದಲ್ಲಿ ಇನ್ನುಳಿದ ಚಕ್ರಗಳಿಗೆ ತಡೆ ಕೊಟ್ಟು, ತಯಾರಕರು ಸೂಚಿಸಿದ ಜಾಗಕ್ಕೆ ಸ್ಟ್ಯಾಂಡ್ ಇಟ್ಟ ಮೇಲೆಯೇ ಕೆಲಸ ಆರಂಭಿಸಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳನ್ನು ಸ್ಟ್ಯಾಂಡಿನ ಬದಲು ಬಳಸಬಾರದು. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ಸ್ಟ್ರಟ್ ಬದಲಾವಣೆ

ಹಿಂದಿನ ದಿನವೇ ನಟ್ಟು ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಹೋಸನ್ನು ಸ್ಟ್ರಟ್‌ನಿಂದ ಬಿಡಿಸಬೇಕು. ಹೋಸಿನ ಮೇಲೆ ಭಾರ ಬೀಳಬಾರದು. ಕೆಳಗಿನ ಬೋಲ್ಟುಗಳು ಕೂತಿರುವ ಜಾಗವನ್ನು ಗುರುತು ಮಾಡಿಕೊಂಡು ತೆಗೆಯಬೇಕು. ಆಮೇಲೆ ಬಾನೆಟ್ಟಿನೊಳಗಿರುವ ಮೇಲಿನ ನಟ್ಟುಗಳನ್ನು ಬಿಚ್ಚಿದರೆ ಸ್ಟ್ರಟ್ ಹೊರಬರುತ್ತದೆ.

ಮೇಲಿನ ನಟ್ಟುಗಳ ನಡುವೆ ಇರುವ ದೊಡ್ಡ ನಟ್ಟನ್ನು ಮಾತ್ರ ಈ ಹಂತದಲ್ಲಿ ಮುಟ್ಟಬಾರದು. ಒತ್ತಿಟ್ಟ ಸ್ಪ್ರಿಂಗನ್ನು ತಡೆದಿರುವುದು ಅದೊಂದೇ. ಅದನ್ನು ಬಿಚ್ಚಿದರೆ ಸ್ಪ್ರಿಂಗಿನ ಮೇಲಿನ ತಟ್ಟೆ ಜೀವ ತೆಗೆಯುವಷ್ಟು ರಭಸದಿಂದ ಸಿಡಿಯಬಲ್ಲದು. ಸ್ಟ್ರಟ್ ಹೊರತೆಗೆದ ಮೇಲೆ, ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಲಕರಣೆಯಾದ ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಂಡಿಗಳನ್ನು ಎದುರುಬದುರಾಗಿ ಹಾಕಿ, ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ತಟ್ಟೆಯ ಮೇಲಿನ ಒತ್ತಡ ಪೂರ್ತಿ ಇಳಿದು ಸ್ಪ್ರಿಂಗ್ ಸಡಿಲವಾಗಿ ಅಲುಗಿದ ಮೇಲೆಯೇ ನಡುವಿನ ನಟ್ಟು ತೆಗೆಯಬೇಕು. ಮರುಜೋಡಿಸುವಾಗ ಸ್ಪ್ರಿಂಗಿನ ತುದಿ ತಟ್ಟೆಯ ತೋಡಿನಲ್ಲಿ ಸರಿಯಾಗಿ ಕೂರಬೇಕು. ಮೇಲಿನ ಮೌಂಟಿಂಗ್, ಬಂಪ್ ಸ್ಟಾಪ್, ದೂಳುಕವಚಗಳನ್ನೂ ಅದೇ ಸಲ ಬದಲಿಸುವುದು ಲೇಸು. ಶಾಕ್ ಅಬ್ಸಾರ್ಬರುಗಳನ್ನು ಎಡಬಲ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು.

ಬುಷ್ ಮತ್ತು ಬಾಲ್ ಜಾಯಿಂಟ್

ಹಳೆಯ ಬುಷ್ಷನ್ನು ಬೆಂಚ್ ವೈಸ್ ಹಾಗೂ ತಕ್ಕ ಅಳತೆಯ ಸಾಕೆಟ್ಟುಗಳಿಂದ ಒತ್ತಿ ಹೊರತೆಗೆಯಬಹುದು. ಹೊಸದನ್ನು ಕೂರಿಸಿದ ಮೇಲೆ ಆರ್ಮಿನ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಕಾರಿನ ಭಾರ ಚಕ್ರದ ಮೇಲೆ ಬಿದ್ದಾಗ ಮಾತ್ರ. ಆರ್ಮ್ ಜೋತುಬಿದ್ದಿರುವಾಗಲೇ ಬಿಗಿದರೆ, ಕಾರು ಇಳಿದೊಡನೆ ರಬ್ಬರ್ ಹಿಂಡಿದ ಒದ್ದೆ ಬಟ್ಟೆಯಂತೆ ತಿರುಚಿಕೊಂಡು, ನಿಂತಲ್ಲೂ ಓಡುವಾಗಲೂ ಹಾಗೆಯೇ ಉಳಿಯುತ್ತದೆ. ಹೊಸ ಬುಷ್‌ಗಳು ಬೇಗ ಹರಿಯಲು ಇದು ಒಂದು ಮುಖ್ಯ ಕಾರಣ. ಬಾಲ್ ಜಾಯಿಂಟಿನಲ್ಲಿ ಒಮ್ಮೆ ಬಿಚ್ಚಿದ ಲಾಕ್ ನಟ್ಟು, ಕಾಟರ್ ಪಿನ್ನುಗಳನ್ನು ಮತ್ತೆ ಬಳಸಬಾರದು. ಪಿನ್ನಿನ ತೂತು ಕೂಡಿಬರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಯಬೇಕೇ ಹೊರತು ಸಡಿಲಿಸಬಾರದು. ಬಿಗಿತ ಎಷ್ಟಿರಬೇಕೆಂಬುದನ್ನು ಆ ಕಾರಿನ ಸರ್ವಿಸ್ ಕೈಪಿಡಿ ನೋಡಿ, ಟಾರ್ಕ್ ವ್ರೆಂಚಿನಿಂದಲೇ ಹೊಂದಿಸಬೇಕು.

ಕೆಲಸದ ನಂತರ

ಸ್ಟ್ರಟ್, ಆರ್ಮ್, ಟೈ ರಾಡ್ ಎಂಡ್ ಬಿಚ್ಚಿದ ಪ್ರತಿ ಸಲವೂ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಇಲ್ಲದಿದ್ದರೆ ಟೈರು ಬೇಗ ಸವೆಯುತ್ತದೆ. ಆರ್ಮ್ ಕೂರುವ ಬಾಡಿಯ ಭಾಗವೇ ತುಕ್ಕು ಹಿಡಿದು ಕುಂಬಾಗಿದ್ದರೆ ಬಿಡಿಭಾಗ ಬದಲಿಸಿ ಫಲವಿಲ್ಲ. ಮೊದಲು ನುರಿತ ವೆಲ್ಡರ್ ಆ ಜಾಗವನ್ನು ಸರಿಪಡಿಸಬೇಕು. ಲಿಂಕ್ ರಾಡ್, ಹಿಂದಿನ ಶಾಕ್ ಅಬ್ಸಾರ್ಬರುಗಳಂಥ ಭಾಗಗಳ ಬದಲಾವಣೆ ಹೊಸಬರಿಗೆ ತಕ್ಕ ಮೊದಲ ಕೆಲಸ. ಗಟ್ಟಿಮುಟ್ಟಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದವರು ಸ್ಟ್ರಟ್ಟನ್ನು ಇಡಿಯಾಗಿ ಬಿಚ್ಚಿ ಗ್ಯಾರೇಜಿಗೆ ಒಯ್ದು, ಸ್ಪ್ರಿಂಗ್ ಬದಲಿಸುವ ಕೆಲಸವನ್ನು ಅಲ್ಲಿಯೇ ಮಾಡಿಸುವುದು ಕ್ಷೇಮ.